ಹತ್ತೊಂಬತ್ತು ವರ್ಷದ ತಂತಿಗಳು

ನನ್ನನ್ನು ನಮ್ಮ ಬ್ಯಾಂಡಿನವರು ಒರೆಸಪ್ಪ ಎಂದು ಕರೆಯುತ್ತಾರೆ. ಕರೆಯಲಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒರೆಸುವವನು ಮನೆಗೆ ಬಂದು ಗಿಟಾರನ್ನು ಧೂಳು ಹಿಡಿಯಲು ಬಿಡುತ್ತಾನೆಯೇ? ನನ್ನ ಕೋಣೆಗೆ ಬಂದು ನೋಡಿ. ತಂತಿಗೊಂದು ಬಟ್ಟೆ, ಮರಕ್ಕೊಂದು ಬಟ್ಟೆ, ತಿರುಪುಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಕೇಬಲ್‌ಗಳನ್ನೆಲ್ಲ ಉದ್ದದ ಪ್ರಕಾರ ಸುತ್ತಿ ಮೊಳೆಗೆ ನೇತುಹಾಕಿದ್ದೇನೆ. ಆಂಪ್ಲಿಫೈಯರ್‌ಗೆ ನಾನೇ ಹೊಲಿದ ಗವಸು. ನಗುವವರು ನಗಲಿ, ಹತ್ತೊಂಬತ್ತು ವರ್ಷಗಳಲ್ಲಿ ಒಂದು ಸಲವೂ ವೇದಿಕೆಯ ಮೇಲೆ ನನ್ನ ಗಿಟಾರ್ ಕೈಕೊಟ್ಟಿಲ್ಲ.

ಇನ್ನು ನಮ್ಮ ಭಾವ. ಅಕ್ಕನ ಗಂಡ, ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಾರೆ, ನಮ್ಮ ಬ್ಯಾಂಡಿನಲ್ಲಿ ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುತ್ತಾರೆ. ಮನುಷ್ಯ ಬಂಗಾರ. ಆದರೆ ಹುರಿದ ಕಡಲೆಕಾಯಿ ತಿಂದ ಕೈಯಲ್ಲೇ ಬೇಸ್ ಎತ್ತಿಕೊಳ್ಳುತ್ತಾರೆ. ಆಂಪ್ಲಿಫೈಯರ್ ಅವರಿಗೆ ಟೀ ಲೋಟ ಇಡುವ ಮೇಜು. ತಂತಿಗಳನ್ನಂತೂ ಆ ಬೇಸ್ ಕೊಂಡ ದಿನದಿಂದ ಬದಲಿಸಿಯೇ ಇಲ್ಲ. ಕಪ್ಪಾಗಿ, ಜಿಡ್ಡಾಗಿ, ಮುಟ್ಟಿದರೆ ಕೈ ತೊಳೆಯಬೇಕು ಅನ್ನಿಸುವ ತಂತಿಗಳು. ಬಾರಿಸಿದರೆ ದುಮ್ ದುಮ್ ಎಂಬ ಮಂದವಾದ ಸದ್ದು. ನಾನು ಹೇಳಿ ಹೇಳಿ ಸೋತಿದ್ದೆ. ಭಾವ ನಕ್ಕು ಸುಮ್ಮನಾಗುತ್ತಿದ್ದರು.

ಒಂದು ಕಾರ್ಖಾನೆಯ ವಾರ್ಷಿಕ ಸಮಾರಂಭದಲ್ಲಿ ಒಬ್ಬ ಗಾಯಕಿ ನಮ್ಮ ಬ್ಯಾಂಡಿನ ಜೊತೆ ತನ್ನದೇ ಒಂದು ನಿಧಾನದ ಹಾಡು ಹಾಡಿದಳು. ಮುಗಿದ ಮೇಲೆ ನೇರವಾಗಿ ಭಾವನ ಹತ್ತಿರ ಬಂದಳು. "ಮುಂದಿನ ತಿಂಗಳು ಈ ಹಾಡು ರೆಕಾರ್ಡ್ ಮಾಡ್ತಿದೀನಿ. ನೀವು ಬಂದು ಬಾರಿಸ್ಬೇಕು. ನಿಮ್ಮದರಲ್ಲಿ ಏನೋ ಇದೆ, ಅದೇ ಬೇಕು ನನಗೆ," ಅಂದಳು. ಭಾವ ಕಿವಿಯವರೆಗೂ ಕೆಂಪಾದರು. ಇಷ್ಟು ವರ್ಷ ಬಾರಿಸಿದ್ದಾರೆ, ಯಾರೂ ಅವರ ಹತ್ತಿರ ಬಂದು ಒಂದು ಮಾತು ಆಡಿದವರಲ್ಲ. ಬೇಸ್ ಯಾರ ಕಿವಿಗೆ ಬೀಳುತ್ತದೆ ಹೇಳಿ? ಪಕ್ಕದಲ್ಲೇ ಕೇಬಲ್ ಸುತ್ತುತ್ತಿದ್ದ ನನ್ನನ್ನು ಆಕೆ ನೋಡಲೂ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು.

ಅಂದಿನಿಂದ ಭಾವ ಬದಲಾದರು. ವ್ಯಾನಿನಲ್ಲಿ ಅದೇ ಹಾಡು, ಊಟದ ಮೇಜಿನ ಮೇಲೆ ಬೆರಳಲ್ಲಿ ಅದೇ ಹಾಡು. ಹೊಸ ಅಂಗಿ ಹೊಲಿಸಿದರು. "ರೆಕಾರ್ಡ್‌ನಲ್ಲಿ ಅಂಗಿ ಕಾಣಲ್ಲ ಕಣ್ರೀ," ಎಂದು ಅಕ್ಕ ಛೇಡಿಸಿದರೂ ಆ ಅಂಗಿಯನ್ನು ತಾನೇ ಎರಡು ಸಲ ಇಸ್ತ್ರಿ ಮಾಡಿದಳು.

ರೆಕಾರ್ಡಿಂಗ್ ಇದ್ದದ್ದು ಭಾನುವಾರ. ಗುರುವಾರದ ಅಭ್ಯಾಸ ಮುಗಿಸಿ ಭಾವ ಬೇಸನ್ನೂ ತಮ್ಮ ಆಂಪ್ಲಿಫೈಯರನ್ನೂ ನನ್ನ ಕೋಣೆಯಲ್ಲೇ ಬಿಟ್ಟು ಹೋಗಿದ್ದರು. ಶುಕ್ರವಾರ ಸಂಜೆ ಅದನ್ನು ನೋಡುತ್ತಾ ಕೂತಿದ್ದಾಗ ನನಗೆ ಅನ್ನಿಸಿತು, ನನ್ನನ್ನಂತೂ ಕರೆಯಲಿಲ್ಲ, ನನ್ನ ಕೈಕೆಲಸವಾದರೂ ಆ ಸ್ಟುಡಿಯೋಗೆ ಹೋಗಲಿ. ಹೊಸ ತಂತಿಗಳನ್ನು ತಂದೆ. ಹಳೆಯವನ್ನು ಇಕ್ಕಳದಲ್ಲಿ ಕಟ್ ಕಟ್ ಎಂದು ನಾಲ್ಕೂ ಕತ್ತರಿಸಿ ಬಿಸಾಡಿದೆ. ಮರಕ್ಕೆ ಎಣ್ಣೆ ಹಾಕಿದೆ, ಆಂಪ್ಲಿಫೈಯರಿನ ಗುಂಡಿಗಳನ್ನು ಕಳಚಿ ತೊಳೆದೆ. ಹೊಸ ತಂತಿಗಳು ಫಳಫಳ ಹೊಳೆದವು. ಹೊಟ್ಟೆಉರಿಯೆಲ್ಲ ಇಳಿದು, ನಾನೆಷ್ಟು ಒಳ್ಳೆಯವನು ಎಂದು ನನಗೇ ಅನ್ನಿಸಿತು.

ಶನಿವಾರ ಬೆಳಿಗ್ಗೆ ಭಾವ, ಅಕ್ಕ ಇಬ್ಬರೂ ಬಂದರು. ಭಾವ ಬೇಸ್ ಎತ್ತಿ ಒಂದು ತಂತಿ ಬಾರಿಸಿದರು. ಠಣ್ ಎಂದಿತು. ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಮತ್ತೆ ಬಾರಿಸಿದರು. ಮತ್ತೆ ಠಣ್.

"ಹಳೇ ತಂತಿ ಎಲ್ಲಿ?" ಅಂದರು.

"ಕತ್ತರಿಸಿ ಎಸೆದೆ ಭಾವ. ನಿಮಗೆ ಅಂತ ಹೊಸದು ಹಾಕ್ದೆ."

ಭಾವ ಬೇಸನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಕುರ್ಚಿಯ ಮೇಲೆ ಕೂತರು. "ಆ ಹುಡುಗಿ ಕೇಳಿದ್ದು ಆ ಸದ್ದು ಕಣೋ," ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಷ್ಟು ವರ್ಷದ ಬೆವರು, ಜಿಡ್ಡು, ಕಡಲೆಕಾಯಿ ಎಲ್ಲ ಸೇರಿ ಆದ ಸದ್ದನ್ನು ನಾನು ಐದು ನಿಮಿಷದಲ್ಲಿ ಕಸದ ಬುಟ್ಟಿಗೆ ಹಾಕಿದ್ದೆ.

ಬೈಯುವ ಕೆಲಸವನ್ನು ಅಕ್ಕ ವಹಿಸಿಕೊಂಡಳು. "ಯಾರಪ್ಪ ಹೇಳಿದ್ದು ನಿನಗೆ? ಕೈ ಸುಮ್ಮನಿರಲ್ಲ ಅಲ್ವಾ? ನಾಳೆ ಇವರು ಅಲ್ಲಿ ಹೋಗಿ ಗಂಟೆ ಬಾರಿಸ್ಬೇಕಾ?" ಎಂದು ಶುರು ಮಾಡಿ ನನ್ನ ಚಿಕ್ಕಂದಿನ ಅಪರಾಧಗಳವರೆಗೂ ಹೋಗಿ ಬಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಹೊಸ ಚಪ್ಪಲಿ ಕಚ್ಚಿದ್ರೆ ಏನ್ಮಾಡ್ತೀವಿ? ಎಣ್ಣೆ ಹಚ್ಚಿ ಹಾಕ್ಕೊಂಡು ಓಡಾಡ್ತೀವಿ. ಇವತ್ತು ಸಂಜೆಯೊಳಗೆ ಈ ತಂತಿ ಹಳೇದಾಗ್ಬೇಕು. ಹಚ್ಚು ಎಣ್ಣೆ," ಅಂದಳು.

ನಾನು ಹಚ್ಚಿದೆ. ಒರೆಸಪ್ಪನಾದ ನಾನು, ನನ್ನ ಕೈಯಾರೆ, ಅಡುಗೆ ಎಣ್ಣೆಯಲ್ಲಿ ಬೆರಳು ಅದ್ದಿ ಹೊಸ ತಂತಿಗಳಿಗೆ ಬಳಿದೆ. ಠಣ್ ಎನ್ನುವುದು ತಗ್ಗಲೆಂದು ಅಕ್ಕ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ ತಂತಿಗಳ ಬುಡದಲ್ಲಿ ಒತ್ತಿ ಕೂರಿಸಿದಳು. ಭಾವನ ಮಡಿಲಿಗೆ ಒಂದು ಬಟ್ಟಲು ಹುರಿದ ಕಡಲೆಕಾಯಿ ಹಾಕಿ, "ತಿನ್ನಿ, ಬಾರಿಸಿ, ತಿನ್ನಿ, ಬಾರಿಸಿ," ಎಂದು ಆಜ್ಞೆ ಮಾಡಿದಳು. ಭಾವನಿಗೆ ನಗು ಬಂತು. ನನಗೂ ಹೋದ ಜೀವ ಬಂದಂತಾಯಿತು.

ಇಡೀ ದಿನ ಆ ಒಂದೇ ಹಾಡು. ಭಾವ ಬೇಸ್, ನಾನು ಗಿಟಾರ್, ಅಕ್ಕ ನಡುನಡುವೆ ಗುನುಗುವುದು. ಮಧ್ಯಾಹ್ನದ ಹೊತ್ತಿಗೆ ಠಣ್ ಹೋಗಿ ಡಣ್ ಆಗಿತ್ತು. ದುಮ್ ಇನ್ನೂ ದೂರವೇ ಇತ್ತು. ಆದರೆ ಹೊಸ ತಂತಿಯಿಂದ ಒಂದು ವಿಚಿತ್ರವಾಯಿತು. ಭಾವನ ಒಂದೊಂದು ಏಟೂ ನನ್ನ ಕಿವಿಗೆ ಬಿಡಿಬಿಡಿಯಾಗಿ ಕೇಳತೊಡಗಿತು. ಮೂರನೇ ಸಾಲಿನ ಕೊನೆಯಲ್ಲಿ ಗಾಯಕಿ ಸ್ವರ ಹಿಡಿದು ನಿಲ್ಲುವ ಜಾಗವಿದೆ. ನಾಲ್ಕು ಎಣಿಕೆಯಾದ ಮೇಲೆ ಎಲ್ಲರೂ ಮುಂದಿನ ಸ್ವರಕ್ಕೆ ಹೋಗಬೇಕು. ಅಲ್ಲಿ ಭಾವ ಎರಡು ಸಲ ಬಾರಿಸುತ್ತಿದ್ದರು. ಅರ್ಧ ಎಣಿಕೆ ಮುಂಚೆ ಒಂದು, ಸರಿಯಾದ ಜಾಗದಲ್ಲಿ ಇನ್ನೊಂದು.

"ಭಾವ, ಇಲ್ಲಿ ಎರಡು ಸಲ ಯಾಕೆ ಬಾರಿಸ್ತೀರಿ?" ಎಂದು ಕೇಳಿದೆ.

"ಯಾವಾಗ್ಲೂ ಹಾಗೇ ಅಲ್ವಾ ಬಾರಿಸೋದು."

"ಅದೇ, ಯಾಕೆ?"

ಭಾವ ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡರು. "ನೀನು ಮುಂಚೆ ಬಂದ್ಬಿಡ್ತೀಯ. ಒಬ್ಬನೇ ಬಂದ್ರೆ ತಪ್ಪು ಅಂತ ಗೊತ್ತಾಗುತ್ತೆ. ಅದಕ್ಕೇ ನಾನೂ ನಿನ್ನ ಜೊತೆ ಬರ್ತೀನಿ. ಆಮೇಲೆ ಎಲ್ಲರ ಜೊತೆ ಇನ್ನೊಂದ್ಸಲ."

"ಈ ಹಾಡಲ್ಲಿ ಮಾತ್ರಾನಾ?"

"ಎಲ್ಲಾ ಹಾಡಲ್ಲೂ."

"ಯಾವಾಗಿಂದ?"

"ಬ್ಯಾಂಡ್ ಶುರುವಾದಾಗಿಂದ."

"ಹೇಳ್ಬಾರದಿತ್ತಾ ಭಾವ?"

"ಒಂದ್ಸಲ ಹೇಳ್ದೆ. ನೀನು ಕೇಬಲ್ ಒರೆಸ್ತಿದ್ದೆ."

ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ನನ್ನ ತಾಳ ಗಡಿಯಾರದ ತಾಳ ಎಂದು ಎದೆಯುಬ್ಬಿಸಿ ಓಡಾಡಿದ್ದೆ. ಪಕ್ಕದಲ್ಲಿ ಈ ಮನುಷ್ಯ ಸದ್ದಿಲ್ಲದೆ ನನ್ನ ತಪ್ಪುಗಳನ್ನೆಲ್ಲ ಸರಿಯೆನ್ನಿಸುತ್ತಾ ಬಂದಿದ್ದರು. ಅಂಥವರ ತಂತಿಯನ್ನು ಕತ್ತರಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಭಾನುವಾರ ಬೇಸನ್ನು ಹೊತ್ತುಕೊಂಡು ನಾನೂ ಸ್ಟುಡಿಯೋಗೆ ಹೋದೆ. ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಮಹಡಿ, ಗೋಡೆಗೆಲ್ಲ ದಪ್ಪ ಕಂಬಳಿ, ನಡುವೆ ಒಂದು ಗಾಜು. ಗಾಜಿನ ಈಚೆ ರೆಕಾರ್ಡಿಂಗ್‌ನವನು, ಗಾಯಕಿ, ಮೂಲೆಯ ಸ್ಟೂಲಿನ ಮೇಲೆ ನಾನು. ಆಚೆ ಹೊಸ ಅಂಗಿಯಲ್ಲಿ ಭಾವ. ಗಾಯಕಿ ಮೊದಲೇ ಹಾಡಿಟ್ಟಿದ್ದ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಭಾವ ಬಾರಿಸಿದರು. ನನ್ನ ಜೊತೆ ಮುಂಚೆ ಬರುವ ಅಗತ್ಯವಿರಲಿಲ್ಲ, ಒಂದು ಏಟೂ ಆಚೀಚೆ ಆಗಲಿಲ್ಲ.

ಗಾಯಕಿ ಹಣೆ ಉಜ್ಜಿಕೊಂಡಳು. "ಚೆನ್ನಾಗಿದೆ. ಆದ್ರೆ ಅವತ್ತಿನ ಹಾಗಿಲ್ಲ," ಎಂದಳು. ಆಚೆ ಭಾವನ ಮುಖ ಸಪ್ಪಗಾಯಿತು. ಬೇಸಿನ ಪಟ್ಟಿಯನ್ನು ಹೆಗಲಿಂದ ಇಳಿಸತೊಡಗಿದರು.

ನಾನು ಎದ್ದು ನಿಂತೆ. "ಅವರ ತಪ್ಪಲ್ಲ ಮೇಡಂ. ಹಳೇ ತಂತಿ ಇತ್ತು, ನಾನೇ ಕತ್ತರಿಸ್ಬಿಟ್ಟೆ. ನಿಮಗೆ ಬೇಕಾಗಿದ್ದ ಸದ್ದು ಅದರಲ್ಲಿತ್ತು."

"ತಂತಿನಾ? ನನಗೆ ತಂತಿ ಗಿಂತಿ ಏನೂ ಗೊತ್ತಾಗಲ್ಲ," ಎಂದು ಆಕೆ ಭಾವನ ಕಡೆ ತಿರುಗಿ ಮೈಕಿನಲ್ಲಿ ಹೇಳಿದಳು. "ಅವತ್ತು ಮೂರನೇ ಸಾಲಲ್ಲಿ ನನ್ನ ಉಸಿರು ಮುಗೀತಾ ಬಂದಿತ್ತು. ಇನ್ನೇನು ಸ್ವರ ಬಿಟ್ಟೆ ಅನ್ನೋವಾಗ ನೀವು ಮುಂಚೆ ಒಂದು, ಆಮೇಲೆ ಒಂದು ಬಾರಿಸಿದ್ರಿ. ಯಾರೋ ಕೈ ಹಿಡಿದ ಹಾಗಾಯ್ತು. ಅದಕ್ಕೇ ನಿಮ್ಮನ್ನ ಕರೆದದ್ದು."

ಭಾವ ಹಾಗೇ ಎರಡು ಸಲ ಬಾರಿಸಿ ತೋರಿಸಿದರು. ಒಬ್ಬರೇ ಬಾರಿಸಿದಾಗ ಅದು ಎಡವಿದಂತೆ ಕೇಳಿಸಿತು. ಅವರು ತಲೆಯಾಡಿಸಿ, "ಇದು ನನ್ನೊಬ್ಬನಿಂದ ಆಗಲ್ಲ ಮೇಡಂ. ಇದಕ್ಕೆ ಇವನು ಬೇಕು," ಎಂದು ಗಾಜಿನಾಚೆಯಿಂದ ನನ್ನನ್ನು ತೋರಿಸಿದರು.

ರೆಕಾರ್ಡಿಂಗ್‌ನವನು ನನ್ನನ್ನು ಗಾಜಿನಾಚೆ ಭಾವನ ಹತ್ತಿರ ಕೂರಿಸಿ, ಗೋಡೆಯ ಮೇಲೆ ತೂಗುಹಾಕಿದ್ದ ಧೂಳು ಹಿಡಿದ ಒಂದು ಗಿಟಾರನ್ನು ಕೈಗೆ ಕೊಟ್ಟ. ನನ್ನ ಕೈ ಜೇಬಿನ ಬಟ್ಟೆಯ ಕಡೆ ಹೋಯಿತು. "ಒರೆಸ್ಬೇಡ," ಎಂದರು ಭಾವ.

ಈಗ ಕೇಳಿ ನನ್ನ ಫಜೀತಿ. ಜೀವಮಾನವೆಲ್ಲ ಮುಂಚೆ ಹೋದವನು, ಮುಂಚೆ ಹೋಗು ಎಂದಾಗ ಹೋಗಲಾರೆ. ಮೊದಲ ಸಲ ಸರಿಯಾಗಿ ನಾಲ್ಕು ಎಣಿಕೆ ಮುಗಿದ ಮೇಲೇ ಬಂದೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಬೇಕೆಂದೇ ಹೋದೆ, ಸಿನಿಮಾದಲ್ಲಿ ಸುಳ್ಳು ಸುಳ್ಳೇ ಮೂರ್ಛೆ ಹೋದಂತಿತ್ತು. ರೆಕಾರ್ಡಿಂಗ್‌ನವನು, "ತಾಳ ಬಹಳ ಸರಿಯಾಗಿದೆ ಸಾರ್, ಏನ್ಮಾಡೋದು?" ಎಂದು ಗೋಳಾಡಿದ. ತಂತಿಯನ್ನೂ ಹಾಳು ಮಾಡಿದೆ, ಈಗ ಇದನ್ನೂ ಹಾಳು ಮಾಡುತ್ತೇನೆ ಎಂದು ಹೆದರಿಕೆಯಾಯಿತು.

ಭಾವ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. "ಎಣಿಸ್ಬೇಡ. ನೀನು ಯಾಕೆ ಮುಂಚೆ ಬರ್ತೀಯ ಗೊತ್ತಾ?"

"ತಾಳ ಬರಲ್ಲ, ಅದಕ್ಕೆ."

"ಅಲ್ವೋ. ಹಾಡು ಚೆನ್ನಾಗಿದ್ರೆ ನಿನಗೆ ತಡ್ಕೊಳ್ಳೋಕಾಗಲ್ಲ. ಹತ್ತೊಂಬತ್ತು ವರ್ಷದಿಂದ ನೋಡ್ತಿದೀನಿ. ಸುಮ್ನೆ ಹಾಡು ಕೇಳು."

ಕೇಳಿದೆ. ನಿಜ ಹೇಳಬೇಕೆಂದರೆ, ಆ ಹಾಡನ್ನು ನಾನು ಸರಿಯಾಗಿ ಕೇಳಿದ್ದು ಆಗಲೇ. ಮೂರನೇ ಸಾಲಿನ ಕೊನೆಯಲ್ಲಿ ಅವಳ ಸ್ವರ ಸಣ್ಣಗೆ ನಡುಗುತ್ತಾ ನಿಂತಿತು, ಅಯ್ಯೋ ಪಾಪ ಎಂದುಕೊಳ್ಳುವಷ್ಟರಲ್ಲಿ ನನ್ನ ಕೈ ತಾನಾಗಿಯೇ ಮುಂದೆ ಹೋಗಿಬಿಟ್ಟಿತು. ಭಾವ ಅಲ್ಲಿದ್ದರು, ಅವರ ಮೊದಲ ಏಟು ನನ್ನ ಜೊತೆಗೇ ಬಿತ್ತು. ನಾನು ಮುಂದಕ್ಕೆ ಓಡದೆ, ಅವರ ಎರಡನೇ ಏಟು ಬೀಳುವವರೆಗೂ ಕಾದು ನಿಂತೆ.