ಮೇನ್ ಸ್ವಿಚ್ಚಿನ ವಿಭೂತಿ

ನಮ್ಮ ಮಾವನಿಗೆ ಒಂದು ರೋಗವಿದೆ, ತಾನು ಹೇಳಿದ್ದೇ ಸರಿ ಅನ್ನುವ ರೋಗ. ಭದ್ರಾವತಿಯಲ್ಲಿ ಕಾರ್ಖಾನೆಯಿಂದ ರಿಟೈರಾದ ಗಂಡಸರಲ್ಲಿ ಅರ್ಧ ಜನಕ್ಕೆ ಇದು ಇದ್ದೇ ಇರುತ್ತದೆ. ನಮ್ಮ ಉಜ್ಜನಪ್ಪನವರಿಗೆ ಸ್ವಲ್ಪ ಜಾಸ್ತಿ. ಆ ರೋಗಕ್ಕೆ ನನ್ನ ಗಂಡನ ಬಲಗೈ ಬಲಿಯಾಗುವುದರಲ್ಲಿತ್ತು. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಉಕ್ಕು ಕಡೆಯುವ ಎರಡು ಲೇತ್ ಮಷಿನ್ನಿನ ವರ್ಕ್‌ಶಾಪು. ಒಂದರಲ್ಲಿ ನನ್ನ ಗಂಡ ಮಲ್ಲಿಕ್, ಇನ್ನೊಂದರಲ್ಲಿ ಮನಸ್ಸು ಬಂದಾಗ ಮಾವ. ಬಿಲ್ಲು, ಫೋನು, ಗಿರಾಕಿಗಳ ಬಾಯಿ, ಇವೆಲ್ಲ ನನ್ನ ಪಾಲು. ಕಟ್ಟಡದ ಹಿಂಭಾಗಕ್ಕೆ ಕಿಟಕಿಯೇ ಇಲ್ಲ, ನಡುಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಅಡಿಕೆ ಕೊಯ್ಲು ಶುರುವಾಯಿತೆಂದರೆ ಸುಲಿಯುವ ಮಷಿನ್ನಿನ ಶಾಫ್ಟುಗಳು ರಿಪೇರಿಗೆ ಒಂದರ ಹಿಂದೊಂದು ಬರುತ್ತವೆ, ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಈ ಸಲ ಸರಿಯಾಗಿ ಆ ಹೊತ್ತಿಗೇ ಟ್ಯೂಬ್‌ಲೈಟುಗಳು ಮಿಟುಕಲು ಶುರುಮಾಡಿದವು.

ಮೊದಲು ಮಾವ ಪೊರಕೆ ಹಿಡಿಯಿಂದ ಟ್ಯೂಬಿಗೆ ತಟ್ಟಿದರು. ಒಂದು ಗಳಿಗೆ ಸುಮ್ಮನಾಯಿತು. "ನೋಡಿದ್ಯಾ? ಕಾಂಟ್ಯಾಕ್ಟ್ ಲೂಸು, ಅಷ್ಟೇ" ಎಂದು ಬೀಗಿದರು. ಮತ್ತೆ ಪಟಪಟ. ಸ್ಟಾರ್ಟರ್ ಬದಲಾಯಿಸಿದರು, ಪಟಪಟ. ಶಿವಮೊಗ್ಗಕ್ಕೆ ಬಸ್ ಹತ್ತಿ ಹೋಗಿ ಗಾಂಧಿ ಬಜಾರಿನಿಂದ ಚೋಕು, ಹೊಸ ಟ್ಯೂಬು ಎಲ್ಲ ತಂದು ಹಾಕಿದರು. ಹೊಸದೂ ಹಳೆಯದರ ಹಾಗೇ ಕಣ್ಣು ಹೊಡೆಯಿತು. ಆಗ ತಪ್ಪು ಅಂಗಡಿಯವನದಾಯಿತು. ಆಮೇಲೆ ವೋಲ್ಟೇಜಿನದಾಯಿತು. ಕೊನೆಗೆ ನನ್ನದೇ ಆಯಿತು. "ನಿಂಗೆ ಕಣ್ಣು ಮಂಜಾಗಿರ್ಬೇಕು ಕಣಮ್ಮ, ಡಾಕ್ಟ್ರಿಗೆ ತೋರಿಸ್ಕೋ" ಎಂದರು. ನನಗೆ ಕನ್ನಡಕವಂತೆ!

ನನಗೆ ವೈರಿಂಗ್ ಬರುವುದಿಲ್ಲ, ಒಪ್ಪಿದೆ. ಆದರೆ ತಲೆ ಇದೆಯಲ್ಲ! ಒಂದೇ ಟ್ಯೂಬು ಮಿಟುಕಿದರೆ ಆ ಟ್ಯೂಬಿನ ತೊಂದರೆ. ಎಲ್ಲವೂ ಒಟ್ಟಿಗೆ ಮಿಟುಕಿ, ಜೊತೆಗೆ ನನ್ನ ಮೇಜಿನ ಫ್ಯಾನೂ ಏರಿಳಿದರೆ ತೊಂದರೆ ಕರೆಂಟು ಬರುವ ದಾರಿಯಲ್ಲೇ ಇರಬೇಕು. ಅಂದರೆ ಮೇನ್ ಸ್ವಿಚ್ಚಿನ ಡಬ್ಬಿಯಲ್ಲಿ.

ಆ ಡಬ್ಬಿಯನ್ನೋ, ಬಿಚ್ಚುವಂತಿಲ್ಲ. ನಮ್ಮಲ್ಲಿ ಅದು ದೇವರು. ವರ್ಕ್‌ಶಾಪು ತೆರೆದ ದಿನ ಮಾವನ ಅಪ್ಪ ಅದಕ್ಕೆ ಪೂಜೆ ಮಾಡಿದ್ದರಂತೆ. ಅಂದಿನಿಂದ ಪ್ರತಿ ಸೋಮವಾರ ಮಾವ ಸ್ನಾನ ಮಾಡಿ ಬಂದು, ವಿಭೂತಿಯನ್ನು ನೀರಲ್ಲಿ ಕಲೆಸಿ, ಮೂರು ಬೆರಳಲ್ಲಿ ಅದರ ಹಣೆಗೆ ಅಡ್ಡಪಟ್ಟೆ ಎಳೆಯುತ್ತಾರೆ. ತೆಂಗಿನಕಾಯಿ ಒಡೆದು ಆ ನೀರನ್ನೂ ಚಿಮುಕಿಸುತ್ತಾರೆ. ಮುಚ್ಚಳದ ಸಂದಿಯಲ್ಲಿ ಬಿಳಿ ನೀರು ಒಳಕ್ಕೆ ಇಳಿದ ಗುರುತು, ಅದರ ಬುಡದಲ್ಲಿ ಹಸಿರು ಕಿಲುಬು, ಎರಡೂ ಎದ್ದು ಕಾಣುತ್ತಿದ್ದವು.

"ಮಾವ, ವೈರ್‌ಮನ್ ಸುಬ್ಬಪ್ಪಣ್ಣನ್ನ ಕರೆಸೋಣ. ಡಬ್ಬಿ ಬಿಚ್ಚಿ ನೋಡ್ಲಿ" ಎಂದೆ.

"ಪೂಜೆ ಮಾಡಿದ್ದಕ್ಕೆ ಲೈಟ್ ಹಾಳಾಯ್ತು ಅಂತೀಯಾ?"

"ಪೂಜೆಗಲ್ಲ ಮಾವ, ನೀರಿಗೆ."

"ನಮ್ಮಪ್ಪ ಕೈಯಾರೆ ಕೂರಿಸಿದ್ದು ಅದು. ಕಂಡಕಂಡೋರು ಬಂದು ಸ್ಕ್ರೂಡ್ರೈವರ್ ಹಾಕಂಗಿಲ್ಲ. ನಂಗೆ ಕರೆಂಟಿನ ಪಾಠ ಹೇಳಕ್ಕೆ ಬರ್ಬೇಡ."

ಇವರು ಪಕ್ಕದಲ್ಲೇ ನಿಂತು ಬಟ್ಟೆಚೂರಿನಲ್ಲಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತಿದ್ದರು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, "ರೀ, ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದು ತರಾಟೆಗೆ ತೆಗೆದುಕೊಂಡೆ.

"ಹೋಗ್ಲಿ ಬಿಡು ಮಾರಾಯ್ತಿ. ಅಪ್ಪನ ಎದ್ರು ಮಾತಾಡಕ್ಕಾಗತ್ತಾ?" ಎಂದವರು, ಅನ್ನ ಕಲೆಸುತ್ತಾ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ಆ ಮಿಟುಕೋ ಬೆಳಕಲ್ಲಿ ಒಂದೊಂದ್ಸಲ, ತಿರುಗ್ತಿರೋ ಚಕ್ಕೇ ನಿಂತಂಗೆ ಕಾಣತ್ತೆ."

ನನ್ನ ಕೈಯ ಸೌಟು ಅಲ್ಲೇ ನಿಂತಿತು. ಚಕ್ಕು ಅಂದರೆ ಶಾಫ್ಟನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗಿಸುವ ಉಕ್ಕಿನ ದವಡೆ. ಅದಕ್ಕೆ ಬೆರಳು ಸಿಕ್ಕಿದರೆ ಹೋಗುವುದು ಬೆರಳೊಂದೇ ಅಲ್ಲ. ಇಂಥದ್ದನ್ನು ಈ ಮನುಷ್ಯ ಹುಳಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳುತ್ತಿದ್ದಾರೆ!

ಬೆಳಗಾದ ಮೇಲೆ ಮಾವನಿಗೆ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಕಿರುಚಿದೆ. ಪಕ್ಕದ ಗ್ರಿಲ್ ಅಂಗಡಿಯ ಕಟಿಂಗ್ ಮಷಿನ್ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು, ನಮ್ಮ ಎರಡೂ ಲೇತ್ ಓಡುತ್ತಿದ್ದವು. "ನಿಮ್ಮ ಹಟಕ್ಕೆ ಇವ್ರ ಕೈ ಹೋದ್ರೆ ಯಾರು ಕೊಡ್ತಾರೆ ಮಾವ?"

ಅವರ ಮುಖ ಕೆಂಪಾಯಿತು. "ನಿಂತಿರೋದು ಯಾವ್ದು, ತಿರುಗೋದು ಯಾವ್ದು ನಂಗೆ ಗೊತ್ತಾಗಲ್ವಾ? ನೋಡಿಲ್ಲಿ!" ಎಂದು ಮಗನ ಲೇತಿನ ಹತ್ತಿರ ಹೋಗಿ, ಸ್ಟಾಪ್ ಗುಂಡಿಗೆ ಒಂದು ಗುದ್ದು ಗುದ್ದಿದರು. ಸಿಟ್ಟಿನ ಗುದ್ದು, ಗುಂಡಿಯ ಅಂಚಿಗೆ ಬಿತ್ತು. "ನಿಂತಿದೆ. ಎಷ್ಟು ಚೆನ್ನಾಗಿ ಕಾಣ್ತಿದೆ! ಮಲ್ಲಿಕ್, ಶಾಫ್ಟ್ ತೆಗಿಯೋ."

ನನಗೂ ನಿಂತ ಹಾಗೇ ಕಂಡಿತು. ಆದರೆ ಕೂಲಿಂಗ್ ಎಣ್ಣೆಯ ಹನಿಗಳು ಇನ್ನೂ ಹಿಂದಿನ ಗೋಡೆಗೆ ಸಿಡಿಯುತ್ತಿದ್ದವು. ನಿಂತ ಮಷಿನ್ನು ಎಲ್ಲಾದರೂ ಎಣ್ಣೆ ಸಿಡಿಸುತ್ತದೆಯೇ? ಇವರ ಕೈ ಮುಂದೆ ಹೋಗುತ್ತಿತ್ತು. "ರೀ!" ಎಂದು ಅರಚಿದ್ದು ಆ ಗಲಾಟೆಯಲ್ಲಿ ಯಾರಿಗೂ ಮುಟ್ಟಲಿಲ್ಲ. ಮೇನ್ ಸ್ವಿಚ್ಚು ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದೆ.

ಟ್ಯೂಬುಗಳೆಲ್ಲ ಆರಿದವು. ಇವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. "ಯಾರೇ ಅದು ಮೇನ್ ಆಫ್ ಮಾಡಿದ್ದು?" ಎಂದು ಮಾವ ಗುಡುಗಿದರು. ಅಷ್ಟರಲ್ಲಿ ಶಟರಿನ ಕಡೆಯಿಂದ ಬರುವ ಮಂದ ಬೆಳಕಿಗೆ ಕಣ್ಣು ಹೊಂದಿಕೊಂಡಿತು. ನಿಂತಿದೆ ಅಂದಿದ್ದ ಚಕ್ಕು ಗಿರಗಿರ ತಿರುಗುತ್ತಿರುವುದು ಮೂವರಿಗೂ ಕಾಣಿಸಿತು. ತಿರುಗಿ ತಿರುಗಿ, ನಿಧಾನವಾಗಿ, ಆಗ ನಿಂತಿತು. ಇವರ ಅಂಗಿಯ ತೋಳಿನ ತುದಿ ಹರಿದು ಜೋತಾಡುತ್ತಿತ್ತು.

ಮಾವ ಮಗನ ಕೈ ಹಿಡಿದುಕೊಂಡರು. ಕತ್ತಲಲ್ಲಿ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಸವರಿ ನೋಡಿದರು. ಎಲ್ಲ ಇದ್ದವು. ಆದರೂ ಕೈ ಬಿಡಲಿಲ್ಲ.

"ಲೈಟ್ ಹಾಕಮ್ಮ" ಎಂದರು.

"ಹಾಕಲ್ಲ. ಡಬ್ಬಿ ಬಿಚ್ಚೋವರೆಗೂ ಯಾರಾದ್ರೂ ಇದನ್ನ ಮುಟ್ಟಿದ್ರೆ ನಾನು ಮನುಷ್ಯಳಾಗಿರಲ್ಲ."

"ಸುಬ್ಬಪ್ಪನ್ನ ಕರಿ" ಎಂದರು ಮಾವ.

ಸುಬ್ಬಪ್ಪಣ್ಣ ಬಂದು, ಕಂಬದಲ್ಲಿ ಫ್ಯೂಸ್ ತೆಗೆದು, ಮುಚ್ಚಳ ಬಿಚ್ಚಿದ. ಒಳಗೆ ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಟ್ಯೂಬು, ಫ್ಯಾನುಗಳ ನ್ಯೂಟ್ರಲ್ ವೈರಿನ ಸ್ಕ್ರೂ ಕಿಲುಬು ಹಿಡಿದು ಸಡಿಲವಾಗಿ, ವೈರಿನ ತುದಿ ಕರಿಕಲಾಗಿತ್ತು. ತುದಿ ಕತ್ತರಿಸಿ, ಉಜ್ಜಿ, ಹೊಸ ಸ್ಕ್ರೂ ಬಿಗಿದು ಮತ್ತೆ ಕರೆಂಟು ಕೊಟ್ಟ. ಟ್ಯೂಬುಗಳು ಒಮ್ಮೆಯೂ ಕಣ್ಣು ಹೊಡೆಯದೆ ಹತ್ತಿಕೊಂಡವು.

ಬೆಳಕು ಬಂದದ್ದೇ ಮಾವ ಮಗನ ಮೇಲೆ ಎಗರಿದರು. "ಅಲ್ಲ ಕಣೋ, ಹುಡುಗನಾಗಿದ್ದಾಗಿಂದ ಲೇತ್ ಓಡಿಸ್ತೀಯ. ತಿರುಗ್ತಿರೋದು ನಿಂಗೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತಪ್ಪಾ. ಕಾಲ ಕೆಳಗೆ ನೆಲ ಅದುರ್ತಿತ್ತು."

"ಮತ್ಯಾಕೋ ಕೈ ಹಾಕಕ್ಕೆ ಹೋದೆ?"

"ನಿಂತಿದೆ ಅಂತ ನೀವು ಹೇಳಿದ್ರಲ್ಲ."

ಮಾವ ಸ್ಟೂಲು ಎಳೆದುಕೊಂಡು ಕೂತರು. ಇಷ್ಟು ದಿನ ನನಗೆ ಮಾವನ ಮೇಲೆ ಬಂದಿದ್ದು ಸಿಟ್ಟೇ ಅಲ್ಲ. ಈಗ ಇವರ ಮೇಲೆ ಬಂತಲ್ಲ, ಅದು ಸಿಟ್ಟು. ಆ ಕೈಯನ್ನೇ ಹಿಡಿದು ಜಗ್ಗಿ ಕೆನ್ನೆಗೆ ಬಾರಿಸೋಣ ಅನ್ನಿಸಿತು. ಅಷ್ಟರಲ್ಲಿ ಮಾವನೇ, ತಲೆ ಎತ್ತದೆ, "ಇನ್ಮೇಲೆ ನಾನು ಹೇಳಿದ್ದೆಲ್ಲ ಕೇಳ್ಬೇಡ ಕಣೋ ಮಲ್ಲಿಕ್" ಎಂದರು.

ಇವರು ಕೈ ಕಟ್ಟಿಕೊಂಡು ನಿಂತಿದ್ದರು.

"ಆಯ್ತಪ್ಪಾ" ಎಂದರು.