ಮುಯ್ಯಿಗೆ ತಂದ ರಾಟೆ

ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿತ್ತು. ಕಣಕಟ್ಟೆಯ ಮನೆಗಳ ಅಂಗಳದಲ್ಲೆಲ್ಲ ತೆಂಗಿನಕಾಯಿ ರಾಶಿ. ಕೊಬ್ಬರಿಯಾಗಲು ಅವನ್ನು ಅಟ್ಟಕ್ಕೇರಿಸಬೇಕು. ಕೂಲಿಯವರು ಸಿಗುವುದಿಲ್ಲ. ಅದಕ್ಕೇ ಮುಯ್ಯಿ: ಇವರ ಅಟ್ಟಕ್ಕೆ ಅವರು ಬರುವುದು, ಅವರ ಅಟ್ಟಕ್ಕೆ ಇವರು ಹೋಗುವುದು.

ಅನುಸೂಯಮ್ಮನ ಮನೆಗೆ ಮುಯ್ಯಿಗೆ ಬಂದ ಮರುಳಪ್ಪ ಹಗ್ಗದ ಜೊತೆ ಒಂದು ಕಬ್ಬಿಣದ ರಾಟೆಯನ್ನೂ ತಂದಿದ್ದ. ಅಟ್ಟದ ಮೇಲಿನ ತೊಲೆಗೆ ಅದನ್ನು ಬಿಗಿದ. ಅನುಸೂಯಮ್ಮ ಕಾಲು ನೀಡಿ ಕೂತು ಬುಟ್ಟಿ ತುಂಬುತ್ತಿದ್ದಳು, ಅವನು ಎಳೆಯುತ್ತಿದ್ದ, ಮೇಲೆ ಅವಳ ಮಗಳು ಶರ್ಮಿಳಾ ಸುರಿದುಕೊಳ್ಳುತ್ತಿದ್ದಳು. ಭಾರ ಹೊತ್ತು ಏಣಿ ಹತ್ತುವ ಗೋಳಿಲ್ಲ. ಹಗ್ಗ ಹಿಡಿದು ಕೆಳಕ್ಕೆ ಜಗ್ಗಿದರೆ ಅವನ ಮೈಭಾರವೇ ಬುಟ್ಟಿಯನ್ನು ಎತ್ತುತ್ತಿತ್ತು.

"ಮಾವ, ಬುಟ್ಟಿ ಕೆಳಗಿಳಿದು ನೀವು ಮೇಲೆ ಬಂದ್ಬಿಟ್ಟೀರಾ, ಹುಷಾರು!" ಎಂದಳು ಶರ್ಮಿಳಾ.

"ಬರಲ್ಲ ಕಣೇ. ನಿನ್ನ ಬುಟ್ಟಿಗಿಂತ ನನ್ನ ಹೊಟ್ಟೆ ಭಾರ ಐತೆ."

ಅನುಸೂಯಮ್ಮನೂ ನಕ್ಕಳು. "ಎಷ್ಟು ಸಲೀಸು ನೋಡು! ಎಲ್ಲಿ ತಂದ್ರಣ್ಣ ಇದನ್ನ, ಅರಸೀಕೆರೆ ಸಂತೇಲಾ?"

"ಇಲ್ಲ ಕಣಮ್ಮ, ನಮ್ಮ ಬಾವಿದೇ. ಬೋರ್ ಹಾಕ್ಸಿದ ಮೇಲೆ ಕೊಟ್ಟಿಗೇಲಿ ಬಿದ್ದಿತ್ತು."

ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ಬೋರ್ ಹಾಕ್ಸಿದಾಗ ಶರ್ಮಿಳಾ ಇನ್ನೂ ಇಸ್ಕೂಲಿಗೆ ಹೋಗ್ತಿದ್ಲು," ಎಂದಳು ಅನುಸೂಯಮ್ಮ ನಿಧಾನವಾಗಿ. ಕೈ ತಾನಾಗಿ ಮಂಡಿಯ ಮೇಲೆ ಹೋಯಿತು.

ಹೋದ ವರ್ಷ ಮರುಳಪ್ಪನ ಅಟ್ಟಕ್ಕೆ ಕಾಯಿ ಹೊತ್ತು ಹತ್ತುವಾಗಲೇ ಅವಳು ಏಣಿಯಿಂದ ಜಾರಿಬಿದ್ದದ್ದು. ಆ ಮಂಡಿ ಮತ್ತೆ ಸರಿಯಾಗಿ ಮಡಚಲಿಲ್ಲ. ಆಗಲೂ ರಾಟೆ ಕೊಟ್ಟಿಗೆಯಲ್ಲೇ ಇತ್ತು. ಅವನಿಗೆ ಗೊತ್ತೂ ಇತ್ತು. ತಲೆ ಮೇಲೆ ಹೊರುವವರು ಇರುವಾಗ ಅದನ್ನು ತೊಳೆದು, ಎಣ್ಣೆ ಬಿಟ್ಟು ಕಟ್ಟುವ ಉಸಾಬರಿ ಯಾಕೆ ಅಂದುಕೊಂಡಿದ್ದ. ಈ ಸಲ ಹೊರಬೇಕಾದ್ದು ತನ್ನ ತಲೆ ಎಂದಾಗ ರಾಟೆ ನೆನಪಾಗಿತ್ತು.

ಮುಖ ಎತ್ತಲಾಗಲಿಲ್ಲ. ಬುಟ್ಟಿಯನ್ನು ಕೆಳಗಿಳಿಸಿ, ಹಗ್ಗ ಬಿಚ್ಚಿ, ತಲೆಗೇರಿಸಿಕೊಂಡು ಏಣಿಗೆ ಕಾಲಿಟ್ಟ.

"ಇಳೀರಿ ಅಣ್ಣ. ನೀವು ಹೊತ್ರೆ ನನ್ನ ಮಂಡಿ ಮಡಚ್ತದಾ? ರಾಟೇಲೇ ಎಳೀರಿ."

ಎಳೆದ. ಬಿಸಿಲು ಇಳಿಯುವುದರೊಳಗೆ ಅಂಗಳ ಬರಿದಾಯಿತು. ಇಷ್ಟು ಬೇಗ ಮುಗಿದದ್ದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಅನುಸೂಯಮ್ಮ ಗೋಡೆ ಹಿಡಿದು ಎದ್ದು ಮಜ್ಜಿಗೆ ತಂದುಕೊಟ್ಟಳು.

"ನಾಳೆ ತೋಟದ ಕೆಲಸಕ್ಕೂ ಬತ್ತೀನಿ ಕಣಮ್ಮ. ನನ್ನ ಕಡೆಯಿಂದ ಇನ್ನೂ ಬಾಕಿ ಐತೆ."

ಮುಯ್ಯಿ ಪೂರ್ತಿ ತೀರಿತೆಂದು ಆ ಊರಲ್ಲಿ ಯಾರೂ ಅನ್ನುವುದಿಲ್ಲ. ಒಬ್ಬರದು ಇನ್ನೊಬ್ಬರ ಮೇಲೆ ಚೂರಾದರೂ ಉಳಿದಿರಬೇಕು. ಉಳಿದರೇ ಮುಂದಿನ ವರ್ಷ ಕರೆಯುವುದು, ಹೋಗುವುದು.

"ಬ್ಯಾಡಣ್ಣ," ಎಂದಳು ಅನುಸೂಯಮ್ಮ. "ಮುಯ್ಯಿ ತೀರ್ತು."

"ಅಮ್ಮಾ, ಹಂಗನ್ನಬ್ಯಾಡ!" ಅಟ್ಟದಿಂದ ಶರ್ಮಿಳಾ ಕೂಗಿದಳು.

"ಅಂದಾಯ್ತು," ಎಂದು ಅವಳು ಒಳಗೆ ಹೋದಳು.