ಮೂರನೇ ಸಲದ ಪರೀಕ್ಷೆ

ಭಾನುವಾರ ಮಗಳ ಹುಟ್ಟುಹಬ್ಬ. ಅವಳ ಗೆಳತಿಯರನ್ನು ಕರೆಯಲೆಂದು ಫೋನಿನ ಕ್ಯಾಲೆಂಡರಿನಲ್ಲಿ ಆ ದಿನವನ್ನು ಒತ್ತಿ ಅವರ ಗುಂಪಿಗೆ ಹಂಚಿದೆ. ಒಲೆಯ ಮೇಲೆ ಹಾಲಿತ್ತು, ನನ್ನ ಒಂದು ಕಣ್ಣು ಅಲ್ಲೇ ಇತ್ತು. ಹಂಚಿದ್ದು ಒಂದು ದಿನವನ್ನಲ್ಲ, ಇಡೀ ಕ್ಯಾಲೆಂಡರನ್ನು ಎಂದು ಗೊತ್ತಾದದ್ದು ಮಗಳು ಕೋಣೆಯಿಂದ ಕೂಗಿಕೊಂಡಾಗ.

"ಅಮ್ಮಾ! ಇದೇನು ಮಾಡಿಟ್ಟಿದೀಯಾ?"

ನನಗೆ ಎಲ್ಲವನ್ನೂ ಅದರಲ್ಲೇ ಬರೆದಿಡುವ ಅಭ್ಯಾಸ. ಪರದೆ ಒಗೆಯುವುದು, ನಲ್ಲಿ ರಿಪೇರಿಯವನು ಬರುವುದು, ಎಲ್ಲ. ಶುಕ್ರವಾರ ಹತ್ತು ಗಂಟೆಗೆ ಹೀಗಿತ್ತು: 'ಮಗಳ ಡ್ರೈವಿಂಗ್ ಪರೀಕ್ಷೆ, ಮೂರನೇ ಸಲ. ತಿಂಡಿ ತಿನ್ನಿಸಿಯೇ ಕರೆದೊಯ್ಯಬೇಕು. ರಿವರ್ಸ್ ಎಂಬ ಮಾತೆತ್ತಬಾರದು.' ಅದರ ಕೆಳಗೆ ಆಗಲೇ ಮೂವರು 'ಬರುತ್ತೇನೆ' ಎಂದು ಒತ್ತಿದ್ದರು.

ಎರಡು ಸಲ ಫೇಲಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ಸಲ ಪಾಸಾದರೆ ಬೇಕರಿಯ ವ್ಯಾನ್ ಓಡಿಸುವ ಕೆಲಸ ಅವಳದು. ಇಲ್ಲದಿದ್ದರೆ ಬೇಕರಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

"ಅವರ ಮುಂದೆ ಮತ್ತೆ ಕಂಬಕ್ಕೆ ಗುದ್ದಿದ್ರೆ ನನ್ನ ಮಾನ ಉಳಿಯತ್ತಾ?"

"ಗುದ್ದಲ್ಲ ಬಿಡೇ. ಅವರನ್ನ ನಾನು ನೋಡ್ಕೋತೀನಿ."

ನೋಡಿಕೊಂಡೆ ಕೂಡ. ಅಳಿಸಿಬಿಟ್ಟರೆ ಹುಡುಗಿಯರು ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ. ಹಾಗಾಗಿ ಹತ್ತು ಗಂಟೆ ಇದ್ದದ್ದನ್ನು ಹನ್ನೊಂದೂವರೆ ಮಾಡಿದೆ. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡು ಪಾತ್ರೆ ತೊಳೆಯಲು ಹೋದೆ.

ಶುಕ್ರವಾರ ಪರೀಕ್ಷೆಯ ಅಧಿಕಾರಿ ಬಂದದ್ದೇ ತಡವಾಗಿ. ಹನ್ನೊಂದೂವರೆಗೆ ಮಗಳ ಸರದಿ ಬಂದು ಅವಳು ನಮ್ಮ ಹಳೇ ಕಾರಿನಲ್ಲಿ ಕೂತಳು, ಅಷ್ಟರಲ್ಲಿ ಗೇಟಿನ ಕಡೆ ಗಲಾಟೆ. ಮೂವರೂ ಹಾಜರು. ಮುಂದೆ ಗಿರಗಿಟ್ಲೆ. ಒಂದು ಕಡೆ ನಿಲ್ಲದ ಹುಡುಗಿ, ಅದಕ್ಕೇ ಆ ಹೆಸರು.

"ಆಂಟಿ, ಶುರುವಾಯ್ತಾ? ನಾವು ರಿವರ್ಸ್ ಅನ್ನೋದೇ ಇಲ್ಲ, ನಿಮ್ಮಾಣೆ!"

ಮಗಳು ಕಾರಿನೊಳಗಿಂದ ನನ್ನನ್ನು ನುಂಗುವ ಹಾಗೆ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಖಾಲಿ ಮೈದಾನದಲ್ಲಿ ಬಕೆಟ್ಟುಗಳನ್ನಿಟ್ಟು ದಿನಾ ಬೆಳಗ್ಗೆ ಕಲಿಸಿದವಳು ನಾನು. ಅವಳ ಕೈ ಈಗ ಹೇಗೆ ಪಳಗಿದೆಯೆಂದು ನನಗೆ ಗೊತ್ತು.

ಅವಳು ಕಿಟಕಿ ಇಳಿಸಿದಳು. "ಬಂದಿದೀರಲ್ಲ, ಬಾಯಿ ಮುಚ್ಕೊಂಡು ಆ ಕಡೆ ಸರೀರೇ. ಕನ್ನಡಿ ತುಂಬ ನೀವೇ ಕಾಣ್ತಿದೀರಾ."

ಸರಿದರು. ಕಾರು ಹಿಂದೆ ಬಂತು, ಮೆಲ್ಲಗೆ ತಿರುಗಿತು, ಅನುಮಾನದಿಂದ ನಿಂತಿತು. ಒಂದಿಷ್ಟು ಮುಂದೆ ಹೋಗಿ, ಸರಿಮಾಡಿಕೊಂಡು, ಮತ್ತೆ ಹಿಂದೆ ಬಂತು. ಪರೀಕ್ಷೆಗೆಂದು ಹಿಂದೆ ನೆಟ್ಟಿದ್ದ ಎರಡೂ ಕಂಬಗಳು ನಿಂತಲ್ಲೇ ನಿಂತಿದ್ದವು. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಸಹಿ ಹಾಕಿ, "ಪಾಸು" ಎಂದು ಇಳಿದು ಹೋದರು.

ಮಗಳು ಇಳಿಯಲಿಲ್ಲ. ಅವರು ಬಿಟ್ಟ ಸೀಟನ್ನು ತಟ್ಟಿ ನನ್ನನ್ನು ಕರೆದಳು.

"ಹತ್ತಮ್ಮ. ಬೈಯೋದು ತುಂಬ ಬಾಕಿ ಇದೆ."

ಹಿಂದಿನ ಸೀಟಿಗೆ ಹುಡುಗಿಯರೂ ನುಗ್ಗಿದರು. ಇವರ ಮುಂದೆ ಬೈಯಲಾರಳು ಎಂದು ನಾನು ನೆಮ್ಮದಿಯಾಗಿ ಕೂತೆ. ಗೇಟು ದಾಟುವ ಮೊದಲೇ ಶುರುಮಾಡಿದಳು, ಒಂದು ಕೈಯಲ್ಲಿ ಸಲೀಸಾಗಿ ಸ್ಟೀರಿಂಗ್ ತಿರುಗಿಸುತ್ತ.